ಕೊಡಗಿನ ಕಾರಿಗೆ ಕೂಲಿಂಗ್ ಫಿಲ್ಮ್ ಹಾಕಿಸಿದ್ದು

ಕೊಡಗಿನಲ್ಲಿ ಕಾರಿನ ಗಾಜಿಗೆ, ಬಿಸಿಲಿನ ಶಾಖ ತಡೆಯುವ ಕೂಲಿಂಗ್ ಫಿಲ್ಮ್ ಹಾಕಿಸ್ತೀನಿ ಅಂದರೆ ಜನ ನಗುತ್ತಾರೆ. "ಇಲ್ಲಿ ಬಿಸಿಲೆಲ್ಲಿದೆ ಮಾರಾಯ್ರೆ?" ಅಂತ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಮಳೆಗಾಲದಲ್ಲಿ ಹಗಲು ಹೊತ್ತಲ್ಲೇ ಹೆಡ್‌ಲೈಟ್ ಹಾಕಿಕೊಂಡು ಓಡಾಡುವವರು ನಾವು. ತೋಟದ ನಡುವಿನ ರಸ್ತೆಗಳಲ್ಲಂತೂ ಏಪ್ರಿಲ್‌ನಲ್ಲೂ ಸಿಲ್ವರ್ ಓಕ್ ನೆರಳು ಬಿಡುವುದಿಲ್ಲ.

ನನಗೆ ಫಿಲ್ಮ್ ಬೇಕಾಗಿದ್ದು ಊರಿನ ಬಿಸಿಲಿಗಲ್ಲ. ಮನೆ ಇರುವುದು ಸುಂಟಿಕೊಪ್ಪದ ಹತ್ತಿರ. ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ತಪಾಸಣೆಗೆ ಅಂತ ಮೈಸೂರಿಗೆ ಹೋಗಿ ಬರುವುದು ಜಾಸ್ತಿಯಾಯಿತು. ಕುಶಾಲನಗರ ದಾಟಿ ಕಾವೇರಿ ಸೇತುವೆ ಆಚೆ ಹೋದರೆ ಕೊಪ್ಪ. ಅಲ್ಲಿಂದ ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರು, ಬಿಳಿಕೆರೆ ಅಂತ ಪೂರ್ತಿ ಬಯಲು. ಬೆಳಿಗ್ಗೆ ಹೋಗುವಾಗ ಪೂರ್ವಕ್ಕೆ ಮುಖ, ಸಂಜೆ ಬರುವಾಗ ಪಶ್ಚಿಮಕ್ಕೆ ಮುಖ. ಅಂದರೆ ಎರಡು ಹೊತ್ತೂ ಸೂರ್ಯ ಎದುರಿಗೇ. ಮುಂದೆ ಎಡಗಡೆ ಕೂತ ಅಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, "ನಿನ್ನ ಎ.ಸಿ. ಕಾಲಿಗೆ ಮಾತ್ರ ಬರ್ತದೆ ನೋಡು" ಅನ್ನುತ್ತಿದ್ದರು.

ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಫಿಲ್ಮ್ ಅಂದಕೂಡಲೇ ಎಲ್ಲರ ತಲೆಗೆ ಬರುವುದು ಸೈಡ್ ಗಾಜು. ನಮ್ಮ ಕಡೆಯಿಂದ ಮೈಸೂರಿಗೆ ಓಡಾಡುವವರಿಗೆ ಶಾಖ ಬರುವುದು ಮುಂದಿನ ದೊಡ್ಡ ಗಾಜಿನಿಂದ. ಸೈಡ್ ಗಾಜನ್ನು ಎಷ್ಟೇ ಕಪ್ಪು ಮಾಡಿಸಿದರೂ ಮೊಣಕಾಲು, ಎದೆ, ಮುಖ ಸುಡುವುದು ತಪ್ಪುವುದಿಲ್ಲ.

ಇದಕ್ಕೊಂದು ಸಾಕ್ಷಿ ನನ್ನ ಕಾರಲ್ಲೇ ಇತ್ತು. ಸೆಕೆಂಡ್ ಹ್ಯಾಂಡ್ ಕಾರು. ಹಿಂದಿನ ಮಾಲೀಕರು ಸೈಡಿಗೂ ಹಿಂದಿನ ಗಾಜಿಗೂ ಕಪ್ಪು ಫಿಲ್ಮ್ ಹಾಕಿಸಿದ್ದರು. ಕಡಿಮೆ ದರದ, ಬರೀ ಬಣ್ಣ ಹಾಕಿದ ಡೈ ಫಿಲ್ಮ್ ಇರಬೇಕು, ಬಿಸಿಲಿಗೆ ಬಣ್ಣ ಹೋಗಿ ನೇರಳೆಗೆ ತಿರುಗಿತ್ತು. ಹಿಂದಿನ ಗಾಜಲ್ಲಿ ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ಕತ್ತಲು ಕೊಡುವುದರಲ್ಲಿ ಕೊರತೆ ಇರಲಿಲ್ಲ, ತಂಪು ಮಾತ್ರ ಇಲ್ಲ. ಒಂದು ಸಲ ಪೊಲೀಸರು ನಿಲ್ಲಿಸಿ ದಂಡ ಹಾಕಿ, "ತೆಗೆಸಿಬಿಡಿ ಸರ್" ಅಂದರು. ಅವರು ಹೇಳಿದ್ದು ಸರಿಯೇ ಇತ್ತು.

ತೆಗೆಸುವ ಮೊದಲು ಕಾನೂನು ಏನು ಹೇಳುತ್ತದೆ ಅಂತ ತಿಳಿದುಕೊಂಡೆ. ಅಂಗಡಿಗೊಂದು ಕಾನೂನು ಹೇಳುವ ವಿಷಯ ಇದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ 100ನೇ ನಿಯಮ ಅಂತ ಒಂದಿದೆ. ಅದರ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70 ಬೆಳಕು ಒಳಗೆ ಬರಬೇಕು, ಸೈಡ್ ಗಾಜಿನಲ್ಲಿ ಕನಿಷ್ಠ ಶೇ. 50. ಈ ಅಳತೆಗೆ ವಿ.ಎಲ್.ಟಿ. ಅನ್ನುತ್ತಾರೆ. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಇನ್ನೂ ಬಿಗಿ ಮಾಡಿತು. ಗಾಜು ತಯಾರಾಗುವಾಗಲೇ ಬಣ್ಣ ಇದ್ದರೆ ಸರಿ, ಆಮೇಲೆ ಅಂಟಿಸುವ ಫಿಲ್ಮ್ ಯಾವ ಅಳತೆಯದ್ದಾದರೂ ಬೇಡ ಅಂತ ಆದೇಶ ಬಂತು. ಆಗ ರಸ್ತೆ ಬದಿಯಲ್ಲಿ ನಿಲ್ಲಿಸಿ ಫಿಲ್ಮ್ ಕೀಳಿಸುತ್ತಿದ್ದುದು ಹಲವರಿಗೆ ನೆನಪಿರಬಹುದು.

ಆಮೇಲೆ ನಿಯಮಕ್ಕೇ ತಿದ್ದುಪಡಿ ಆಯಿತು. 2021ರ ಏಪ್ರಿಲ್ 1ರಿಂದ ಸುರಕ್ಷಾ ಗಾಜಿನ ಜೊತೆಗೆ 'ಸೇಫ್ಟಿ ಗ್ಲೇಜಿಂಗ್' ಅನ್ನುವುದಕ್ಕೂ ಅವಕಾಶ ಬಂತು. ಗಾಜಿನ ಒಳಮೈಗೆ ಪ್ಲಾಸ್ಟಿಕ್ ಪದರ ಅಂಟಿರುವುದೂ ಅದರಲ್ಲಿ ಸೇರುತ್ತದೆ. ಇದನ್ನೇ ಹಿಡಿದು 2024ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, 70 ಮತ್ತು 50ರ ಮಿತಿಯೊಳಗಿನ ಫಿಲ್ಮ್‌ಗೆ ದಂಡ ಹಾಕುವ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಮಾಕುಟ್ಟ, ಕುಟ್ಟದ ಗಡಿ ದಾಟಿ ಕೇರಳಕ್ಕೆ ಹೋಗುವವರು ಈ ತೀರ್ಪನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಆದರೆ ಅದು ಕೇರಳದ ಹೈಕೋರ್ಟು. ನಮ್ಮ ಕಡೆ ನಿಲ್ಲಿಸಿದ ಪೊಲೀಸರ ಮುಂದೆ ಅದನ್ನು ಹೇಳಿದರೆ, "ನೀವು ಇರೋದು ಕರ್ನಾಟಕದಲ್ಲಿ" ಅನ್ನುವ ಉತ್ತರಕ್ಕೆ ತಯಾರಿರಬೇಕು. ಅಪಾಯ ಪೂರ್ತಿ ಇಲ್ಲ ಅಂತ ಯಾವ ಅಂಗಡಿಯವನು ಹೇಳಿದರೂ ನಂಬಬೇಡಿ. ನಾನು ಲೆಕ್ಕ ಹಾಕಿದ್ದು ಇಷ್ಟೇ: ಹೊರಗೆ ನಿಂತವರಿಗೆ ಒಳಗಿನ ಮುಖ ಸ್ಪಷ್ಟ ಕಾಣಬೇಕು, ಬೆಳಕು ಅಳೆಯುವ ಮೀಟರ್ ಹಿಡಿದರೆ ಅಂಕಿ ಮಿತಿಯೊಳಗೆ ಇರಬೇಕು.

ಈ ಅಂಕಿಯಲ್ಲೇ ಎಲ್ಲಕ್ಕಿಂತ ದೊಡ್ಡ ಮೋಸ ಇರುವುದು. ಸೈಡಿಗೆ ಶೇ. 50 ನಡೆಯುತ್ತದೆ ಅಂತ ಶೇ. 50ರ ಫಿಲ್ಮ್ ಹಾಕಿಕೊಡುತ್ತಾರೆ. ಆದರೆ ಕಂಪನಿಯಿಂದ ಬಂದ ಗಾಜೇ ಪೂರ್ತಿ ಬಿಳಿ ಇರುವುದಿಲ್ಲ, ತೆಳು ಹಸಿರು ಛಾಯೆ ಇರುತ್ತದೆ. ಆ ಗಾಜು ಬಿಡುವುದೇ ಶೇ. 75 ಬೆಳಕು ಅಂತ ಇಟ್ಟುಕೊಳ್ಳಿ. ಅದರ ಮೇಲೆ 50ರ ಫಿಲ್ಮ್ ಹಾಕಿದರೆ ಒಳಗೆ ಬರುವುದು 75ರ ಅರ್ಧ, ಅಂದರೆ ಮೂವತ್ತೇಳೂವರೆ. ಕಾನೂನು ನೋಡುವುದು ಗಾಜು ಮತ್ತು ಫಿಲ್ಮ್ ಎರಡೂ ಸೇರಿದ ಲೆಕ್ಕವನ್ನು. ಸೈಡಿಗೆ 70ರ ಫಿಲ್ಮ್ ಹಾಕಿದರೆ ಮಾತ್ರ 52ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಮುಂದಿನ ಗಾಜಿಗೆ 90ರ ಆಸುಪಾಸಿನ, ಕಣ್ಣಿಗೆ ಕಾಣದಂಥ ಫಿಲ್ಮ್ ಬಿಟ್ಟರೆ ಬೇರೆ ದಾರಿ ಇಲ್ಲ.

"ಹಾಗಾದರೆ ಹಾಕಿಸಿದ್ದೇ ಗೊತ್ತಾಗಲ್ವಲ್ಲ ಸರ್, ದುಡ್ಡು ಕೊಟ್ಟು ಏನು ಪ್ರಯೋಜನ?" ಅಂತ ಮೊದಲು ಹೋದ ಅಂಗಡಿಯ ಹುಡುಗ ಕೇಳಿದ. ಗೊತ್ತಾಗಬಾರದು ಅಂತಲೇ ಬಂದಿದ್ದು ಅಂದೆ. ಅವನಿಗೆ ನನ್ನ ಮೇಲಿನ ಆಸಕ್ತಿ ಅಲ್ಲಿಗೆ ಮುಗಿಯಿತು.

ಎರಡನೇ ಅಂಗಡಿಯಲ್ಲಿ ಡೆಮೋ ತೋರಿಸಿದರು. ಕೆಂಪಗೆ ಉರಿಯುವ ಒಂದು ಹೀಟ್ ಲ್ಯಾಂಪ್, ಮುಂದೆ ಫಿಲ್ಮ್ ಹಚ್ಚಿದ ಗಾಜಿನ ತುಂಡು. ಬರೀ ಗಾಜಿನ ಹಿಂದೆ ಕೈ ಇಟ್ಟರೆ ಚುರುಕ್ ಅನ್ನುತ್ತದೆ, ಫಿಲ್ಮ್ ಇರುವ ಗಾಜಿನ ಹಿಂದೆ ಏನೂ ಇಲ್ಲ. "ಶೇ. 97 ಹೀಟ್ ಕಟ್" ಅಂದರು. ನೋಡಿದರೆ ಮರುಳಾಗುವ ಹಾಗೇ ಇದೆ. ಆದರೆ ಆ ಲ್ಯಾಂಪ್ ಕೊಡುವುದು ಬಹುಪಾಲು ಕಣ್ಣಿಗೆ ಕಾಣದ ಶಾಖದ ಕಿರಣ, ಅಂದರೆ ಇನ್‌ಫ್ರಾರೆಡ್. ನಿಜವಾದ ಬಿಸಿಲಿನ ಶಾಖದಲ್ಲಿ ಇನ್‌ಫ್ರಾರೆಡ್ ಪಾಲು ಸುಮಾರು ಅರ್ಧ ಮಾತ್ರ. ಉಳಿದದ್ದರಲ್ಲಿ ಹೆಚ್ಚಿನದು ಕಣ್ಣಿಗೆ ಕಾಣುವ ಬೆಳಕೇ. ಬೆಳಕನ್ನು ಒಳಗೆ ಬಿಡುವ ಫಿಲ್ಮು ಅದರ ಜೊತೆಗಿನ ಶಾಖವನ್ನೂ ಬಿಡಲೇಬೇಕು. ಹಾಗಾಗಿ ತಿಳಿಯಾದ ಫಿಲ್ಮ್ ಒಟ್ಟು ಶಾಖದಲ್ಲಿ ತೊಂಬತ್ತೇಳು ಪಾಲು ತಡೆಯುವುದು ಸಾಧ್ಯವೇ ಇಲ್ಲ. ಕೇಳಬೇಕಾದ ಅಂಕಿ ಬೇರೆ: ಟಿ.ಎಸ್.ಇ.ಆರ್., ಅಂದರೆ ಒಟ್ಟು ಸೌರಶಾಖದಲ್ಲಿ ಎಷ್ಟನ್ನು ತಡೆಯುತ್ತದೆ ಅನ್ನುವುದು. ಕಂಪನಿಯ ಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ, ಸಣ್ಣ ಅಕ್ಷರದಲ್ಲಿ. ನಾನು ಕೇಳಿದಾಗ ಅಂಗಡಿಯ ಅಣ್ಣ ನಕ್ಕು, "ಅದನ್ನ ಯಾರೂ ಕೇಳಲ್ಲ ಸರ್" ಅಂತ ಪಟ್ಟಿ ತೆಗೆದು ಕೊಟ್ಟರು. ಆ ನಗು ನೋಡಿ ಇವರ ಹತ್ತಿರವೇ ಮಾಡಿಸೋಣ ಅನ್ನಿಸಿತು.

ಫಿಲ್ಮ್‌ನ ಜಾತಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೈ ಫಿಲ್ಮ್ ಅಗ್ಗ, ಬಣ್ಣ ಹೋಗುತ್ತದೆ. ಲೋಹದ ಪದರ ಇರುವುದು ಶಾಖ ಚೆನ್ನಾಗಿ ತಡೆಯುತ್ತದೆ, ಆದರೆ ಸಿಗ್ನಲ್‌ಗೂ ಅಡ್ಡ ಬರುತ್ತದೆ. ಮೊದಲೇ ನಮ್ಮ ತೋಟಗಳಲ್ಲಿ ಮೊಬೈಲ್ ಒಂದು ಕಡ್ಡಿ ತೋರಿಸಿದರೆ ಪುಣ್ಯ. ಅದನ್ನೂ ಕಳೆದುಕೊಳ್ಳುವುದು ಯಾರಿಗೆ ಬೇಕು? ಉಳಿದದ್ದು ಸೆರಾಮಿಕ್. ಅದರಲ್ಲಿ ಲೋಹ ಇಲ್ಲ, ದರ ಜಾಸ್ತಿ. ಮುಂದಿನ ಗಾಜು ಮತ್ತು ನಾಲ್ಕು ಬಾಗಿಲಿಗೆ ಸೇರಿ ನನಗೆ 16 ಸಾವಿರ ಚಿಲ್ಲರೆ ಆಯಿತು.

ಹಿಂದಿನ ಗಾಜಿಗೆ ಏನೂ ಬೇಡ ಅಂದೆ. ಇದು ನನ್ನ ಹಠ ಅಂತಲೇ ಇಟ್ಟುಕೊಳ್ಳಿ. ಮಡಿಕೇರಿಯ ಏರು ರಸ್ತೆಯಲ್ಲಿ, ಮಂಜಿನಲ್ಲಿ, ಮಳೆಯಲ್ಲಿ ರಿವರ್ಸ್ ತೆಗೆಯುವವರಿಗೆ ಹಿಂದಿನ ಗಾಜು ಎಷ್ಟು ತಿಳಿಯಾಗಿದ್ದರೂ ಸಾಲದು. ಅಲ್ಲಿಂದ ಬರುವ ಬಿಸಿಲು ಅಮ್ಮನನ್ನು ಮುಟ್ಟುವುದೂ ಇಲ್ಲ.

ಸಮಯ ಆರಿಸಿಕೊಂಡಿದ್ದು ಮಾರ್ಚ್. ಕಾಫಿ ಕೊಯ್ಲು ಮುಗಿದಿತ್ತು, ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಿದ್ದಿರಲಿಲ್ಲ. ಫಿಲ್ಮ್ ಅಂಟಿಸುವುದು ಸೋಪು ನೀರಿನಲ್ಲಿ. ಅಂಟಿಸಿದ ಮೇಲೆ ಒಳಗೆ ಉಳಿದ ನೀರು ಪದರದ ಮೂಲಕವೇ ನಿಧಾನಕ್ಕೆ ಆರಿಹೋಗಬೇಕು. ಬಿಸಿಲಿದ್ದರೆ ಬೇಗ ಆಗುತ್ತದೆ, ತಂಪು ಮತ್ತು ತೇವ ಇದ್ದರೆ ತಿಂಗಳಾದರೂ ಮಸುಕು ಹೋಗುವುದಿಲ್ಲ. ಜುಲೈನಲ್ಲಿ ಬಟ್ಟೆಯನ್ನೇ ಒಲೆಯ ಮೇಲೆ ಒಣಗಿಸುವ ಊರಲ್ಲಿ ಫಿಲ್ಮ್ ಒಣಗುವುದು ಹೇಗೆ? ಮಡಿಕೇರಿ ಬಿಟ್ಟು ಕುಶಾಲನಗರದಲ್ಲಿ ಮಾಡಿಸಿದ್ದಕ್ಕೂ ಇದೇ ಕಾರಣ. ಅಲ್ಲಿ ಗಾಳಿ ಒಣ. ಜೊತೆಗೆ ಆ ಅಂಗಡಿಗೆ ಶಟರ್ ಎಳೆಯುವ ಒಳಕೋಣೆ ಇತ್ತು. ರಸ್ತೆ ಬದಿಯಲ್ಲಿ, ಶೀಟಿನ ಕೆಳಗೆ ಫಿಲ್ಮ್ ಹಚ್ಚುವ ಕಡೆ ಹೋಗಲೇಬೇಡಿ. ಒಂದು ಲಾರಿ ಹೋದರೆ ಸಾಕು, ಏಳುವ ಧೂಳೆಲ್ಲ ಫಿಲ್ಮ್ ಕೆಳಗೆ ಸೇರುತ್ತದೆ. ನೀರಿನ ಗುಳ್ಳೆ ತಾನಾಗಿ ಹೋಗುತ್ತದೆ, ಧೂಳಿನ ಕಣ ಹೋಗುವುದಿಲ್ಲ.

ಮೊದಲು ಹಳೆಯದನ್ನು ತೆಗೆಯುವ ಕೆಲಸ. ಸೈಡ್ ಗಾಜಿನದು ಬೇಗ ಬಂತು. ಸ್ಟೀಮ್ ಹಿಡಿದು, ಮೂಲೆ ಎಬ್ಬಿಸಿ ಎಳೆದರು. ಉಳಿದ ಗೋಂದನ್ನು ಬ್ಲೇಡಿನಲ್ಲಿ ಕೆರೆದರು. ಕಷ್ಟ ಇದ್ದಿದ್ದು ಹಿಂದಿನ ಗಾಜಿನಲ್ಲಿ. ಅದರ ಒಳಮೈಯಲ್ಲಿ ಬಿಸಿಯಾಗಿ ಮಂಜು ಕಳೆಯುವ ಡಿಫಾಗರ್‌ನ ಸಣ್ಣ ಗೆರೆಗಳು ಇರುತ್ತವಲ್ಲ, ಫಿಲ್ಮ್ ಅಂಟಿರುವುದು ಅದರ ಮೇಲೆಯೇ. ಬ್ಲೇಡ್ ತಾಗಿದರೆ ಗೆರೆ ಕಟ್. ಒಂದು ಗೆರೆ ಒಂದು ಕಡೆ ಕಟ್ಟಾದರೂ ಆ ಸಾಲು ಪೂರ್ತಿ ಕೆಲಸ ಮಾಡುವುದಿಲ್ಲ. ಬೇರೆ ಊರಲ್ಲಿ ಡಿಫಾಗರ್ ಇದ್ದರೂ ಇಲ್ಲದಿದ್ದರೂ ಒಂದೇ. ಇಲ್ಲಿ ಹಾಗಲ್ಲ.

"ಬ್ಲೇಡ್ ಬೇಡ ಅಣ್ಣ, ಎಷ್ಟು ಹೊತ್ತಾದರೂ ಪರವಾಗಿಲ್ಲ" ಅಂದೆ. ಅವರಿಗೆ ಅದು ಗೊತ್ತಿತ್ತು. ಹೊರಗಿನಿಂದ ಗಾಜಿಗೆ ಬಿಸಿ ಕೊಟ್ಟು, ಒಳಗಿನಿಂದ ಸ್ಟೀಮ್ ಹಿಡಿದು, ಗೆರೆಗಳು ಹೋಗುವ ದಿಕ್ಕಿನಲ್ಲೇ, ಅಡ್ಡಕ್ಕೆ, ಬೆರಳಗಲ ಬೆರಳಗಲ ಎಳೆದರು. ಅವಸರ ಮಾಡಿದ ಒಂದು ಕಡೆ ಫಿಲ್ಮ್ ಮಾತ್ರ ಬಂತು, ಗೋಂದು ಗಾಜಿನಲ್ಲೇ ಉಳಿಯಿತು. ಅದನ್ನು ಸೋಪು ನೀರು ಹಾಕಿ, ಮೆತ್ತನೆ ಸ್ಪಂಜಿನಲ್ಲಿ ಉಜ್ಜಿ ಉಜ್ಜಿ ತೆಗೆದದ್ದು. ಹೊಸ ಫಿಲ್ಮ್ ಹಾಕಿದ್ದಕ್ಕಿಂತ ಹಳೆಯದು ತೆಗೆದದ್ದಕ್ಕೇ ಹೊತ್ತು ಜಾಸ್ತಿ ಹಿಡಿಯಿತು. ಕೆಲಸ ಮುಗಿದ ಮೇಲೆ ಅಲ್ಲೇ ಡಿಫಾಗರ್ ಹಾಕಿ, ಗಾಜಿನ ಮೇಲೆ ಬಾಯಿಂದ ಹಬೆ ಊದಿ, ಪ್ರತಿ ಸಾಲಿನ ಮೇಲೂ ಹಬೆ ಆರುತ್ತಿದೆಯಾ ಅಂತ ನೋಡಿದೆವು. ಇದನ್ನು ಅಂಗಡಿ ಬಿಡುವ ಮೊದಲೇ ನೋಡಬೇಕು. ಜೂನ್‌ನಲ್ಲಿ ಹೋಗಿ ಕೇಳಿದರೆ ಯಾರೂ ಒಪ್ಪಿಕೊಳ್ಳುವುದಿಲ್ಲ.

ಹೊಸ ಫಿಲ್ಮ್‌ನ ರೋಲ್ ಡಬ್ಬಿಯಿಂದ ನನ್ನ ಮುಂದೆಯೇ ತೆಗೆಸಿದೆ. ಡಬ್ಬಿಯ ಮೇಲಿನ ರೋಲ್ ನಂಬರಿನ ಫೋಟೊ ತೆಗೆದುಕೊಂಡೆ. ವಾರಂಟಿ ಕಾರ್ಡಿನಲ್ಲಿ ಅದೇ ನಂಬರೂ ಕಾರಿನ ನಂಬರೂ ಬರೆಸಿದೆ. ದೊಡ್ಡ ಬ್ರ್ಯಾಂಡಿನ ಹೆಸರು ಹೇಳಿ ಬೇರೆ ಯಾವುದನ್ನೋ ಹಚ್ಚುವುದು ಈ ವ್ಯಾಪಾರದಲ್ಲಿ ಹೊಸದಲ್ಲ. ಒಮ್ಮೆ ಹಚ್ಚಿದ ಮೇಲೆ ಬರೀ ಕಣ್ಣಲ್ಲಿ ನೋಡಿ ಹೇಳುವುದು ಯಾರಿಗೂ ಆಗುವುದಿಲ್ಲ.

ಮುಂದಿನ ಗಾಜಿನಲ್ಲಿ ನಾನು ಯೋಚಿಸದೇ ಇದ್ದ ಒಂದು ತಾಪತ್ರಯ ಬಂತು. ಫಾಸ್ಟ್ಯಾಗ್. ಅದು ಅಂಟಿರುವುದು ಗಾಜಿನ ಒಳಮೈಗೆ, ಫಿಲ್ಮ್ ಹಾಕುವುದೂ ಅಲ್ಲಿಗೇ. ಕಿತ್ತರೆ ಹರಿದುಹೋಗುವ ಹಾಗೆಯೇ ಅದನ್ನು ಮಾಡಿರುತ್ತಾರೆ, ಮತ್ತೆ ಅಂಟಿಸಲು ಬರುವುದಿಲ್ಲ. ಒಂದೋ ಹೊಸ ಟ್ಯಾಗ್ ತರಿಸಬೇಕು, ಇಲ್ಲವೇ ಅದರ ಸುತ್ತ ಫಿಲ್ಮ್ ಕತ್ತರಿಸಿ ಜಾಗ ಬಿಡಬೇಕು. ನಾನು ಕತ್ತರಿಸಿ ಅಂದೆ. ಕನ್ನಡಿಯ ಹಿಂದೆ ಚೌಕ ಕಾಣುತ್ತದೆ, ಕಾಣಲಿ ಬಿಡಿ. ಆಮೇಲೆ ಬೆಂಗಳೂರಿಗೆ ಹೋಗುವಾಗ ಶ್ರೀರಂಗಪಟ್ಟಣದ ಹತ್ತಿರ ಗಣಂಗೂರು ಟೋಲ್‌ನಲ್ಲಿ ಗೇಟು ತಕ್ಷಣ ಎದ್ದಿತು. ನಿಮ್ಮದು ಮುಂದಿನ ಗಾಜಿನಲ್ಲಿ ಕ್ಯಾಮೆರಾ, ಮಳೆ ಸೆನ್ಸರ್ ಇರುವ ಹೊಸ ಕಾರಾದರೆ ಅದರ ಮುಂದೆಯೂ ಹೀಗೇ ಜಾಗ ಬಿಡಿಸಿ.

ಹಚ್ಚುವುದನ್ನು ನೋಡುವುದೇ ಒಂದು ಮಜಾ. ಫಿಲ್ಮನ್ನು ಮೊದಲು ಗಾಜಿನ ಹೊರಗಡೆ ಹಾಸುತ್ತಾರೆ. ಮುಂದಿನ ಗಾಜು ಎರಡು ಕಡೆಗೂ ಬಾಗಿರುತ್ತದೆ, ಫಿಲ್ಮ್ ಚಪ್ಪಟೆ. ಹಾಗಾಗಿ ಅಂಚಿನಲ್ಲಿ ಉದ್ದುದ್ದ ಮಡಿಕೆ ಏಳುತ್ತವೆ. ಹುಡುಗ ಒಂದು ಕೈಯಲ್ಲಿ ಹೀಟ್ ಗನ್, ಇನ್ನೊಂದು ಕೈಯಲ್ಲಿ ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಹಿಡಿದು ನಿಂತ. ಬಿಸಿ ತಾಗಿದ ಕಡೆ ಮಡಿಕೆ ಕೆಂಡದ ಮೇಲಿನ ಹಪ್ಪಳದಂತೆ ಮುದುಡಿತು. ಮುದುಡುವ ಆ ಗಳಿಗೆಯಲ್ಲೇ ಪಟ್ಟಿಯಿಂದ ಒತ್ತಿ ಎಳೆದ. ಒಂದು ಕ್ಷಣ ಜಾಸ್ತಿ ಹಿಡಿದರೆ ಫಿಲ್ಮ್ ಸುಟ್ಟು ಹಾಳು, ಗಾಜಿಗೂ ಒಳ್ಳೆಯದಲ್ಲ. ಅವನು ಮಾತಾಡಲಿಲ್ಲ, ನಾನೂ ಮಾತಾಡಿಸಲಿಲ್ಲ.

ಅಷ್ಟರಲ್ಲಿ ಇನ್ನೊಬ್ಬ ಡ್ಯಾಶ್‌ಬೋರ್ಡ್ ಪೂರ್ತಿ ದಪ್ಪ ಟವಲ್ ಹಾಸಿದ್ದ. ಇದನ್ನು ಹಾಸದ ಕಡೆ ನಿಲ್ಲಬೇಡಿ. ಲೀಟರ್‌ಗಟ್ಟಲೆ ಸೋಪು ನೀರು ಗಾಜಿನಿಂದ ಇಳಿದು ನೇರ ಸ್ಟೀರಿಯೊ, ವೈರಿಂಗ್ ಮೇಲೆ ಹೋಗುತ್ತದೆ. ಬಾಗಿಲಿನ ಪವರ್ ವಿಂಡೋ ಸ್ವಿಚ್‌ಗೂ ಪ್ಲಾಸ್ಟಿಕ್ ಸುತ್ತಬೇಕು. ಆಮೇಲೆ ಒಳಗಿನ ಗಾಜು ತೊಳೆದು, ಫಿಲ್ಮ್‌ನ ಗೋಂದು ಮುಚ್ಚಿದ್ದ ಪದರ ಬಿಚ್ಚಿ, ಇಬ್ಬರು ಎರಡು ಕಡೆ ಹಿಡಿದು ಒಳಗೆ ತಂದು ಕೂರಿಸಿದರು. ನಡುವಿನಿಂದ ಅಂಚಿಗೆ ನೀರು ತಳ್ಳುತ್ತಾ ಹೋದರು. ಸೈಡ್ ಗಾಜಿನಲ್ಲಿ ಮೇಲಿನ ಅಂಚಿಗೆ ಕೂದಲೆಳೆಯಷ್ಟು ಜಾಗ ಬಿಟ್ಟರು. ಕಡಿಮೆ ಹಾಕಿದರೇನೋ ಅಂದುಕೊಳ್ಳಬಾರದು. ಅಂಚಿನ ತನಕ ತಂದರೆ ಗಾಜು ಏರಿಸಿ ಇಳಿಸುವಾಗ ರಬ್ಬರಿಗೆ ಸಿಕ್ಕಿ ಸುಲಿಯುತ್ತದೆ.

ಕೊನೆಗೆ ಮೀಟರ್ ಹಿಡಿಸಿದೆ. ಬರೀ ಸೈಡ್ ಗಾಜು ಮೊದಲು 76 ತೋರಿಸಿತ್ತು, ಫಿಲ್ಮ್ ಆದ ಮೇಲೆ 53. ಮುಂದಿನದು 79 ಇದ್ದದ್ದು 71. ಎರಡೂ ಅಂಕಿಯನ್ನು ಬಿಲ್ಲಿನಲ್ಲೇ ಬರೆಸಿ ಸೀಲು ಹಾಕಿಸಿದೆ. ಆ ಬಿಲ್ಲು ಈಗ ಆರ್.ಸಿ. ಜೊತೆಗೇ ಇರುತ್ತದೆ.

"ನಾಲ್ಕು ದಿನ ಗ್ಲಾಸ್ ಇಳಿಸಬೇಡಿ ಸರ್" ಅಂತ ಸ್ವಿಚ್ಚಿನ ಮೇಲೆ ಟೇಪ್ ಹಾಕಿ ಕಳಿಸಿದರು. ನಮ್ಮ ಕಡೆ ಇದೇ ಎಲ್ಲಕ್ಕಿಂತ ಕಷ್ಟ. ಎದುರಿಗೆ ಗುರುತಿನವರ ಜೀಪು ಬಂದರೆ ಗ್ಲಾಸ್ ಇಳಿಸಿ, ಮಳೆ ಹೇಗೆ, ಕಾಫಿ ರೇಟೆಷ್ಟು ಅಂತ ಎರಡು ಮಾತಾಡದೆ ಹೋದರೆ, ಮೈಸೂರು ನೋಡಿ ಬಂದ ಮೇಲೆ ಇವನಿಗೆ ದೊಡ್ಡಸ್ತಿಕೆ ಬಂತು ಅನ್ನುತ್ತಾರೆ. ನಾನು ಬಾಗಿಲನ್ನೇ ತೆಗೆದು ಮಾತಾಡಿದೆ. ತಂಪು ಊರು ಅಂತ ನಾಲ್ಕರ ಬದಲು ವಾರಕ್ಕೂ ಮೇಲೆ ಟೇಪ್ ಬಿಟ್ಟಿದ್ದೆ. ಅಷ್ಟು ದಿನವೂ ಬೆಳಿಗ್ಗೆ ಕಾರನ್ನು ಕಾಫಿ ಒಣಗಿಸುವ ಕಣದಲ್ಲಿ ಬಿಸಿಲಿಗೆ ನಿಲ್ಲಿಸುತ್ತಿದ್ದೆ. ಮೊದಲು ಹಾಲು ಬಳಿದಂತಿದ್ದ ಮಸುಕು ದಿನದಿನಕ್ಕೆ ಕಡಿಮೆಯಾಯಿತು. ಹಿಂದಿನ ಎಡಬಾಗಿಲಿನ ಗಾಜಿನಲ್ಲಿ ಒಂದು ಧೂಳಿನ ಕಣ ಉಳಿದಿದೆ, ಹುಡುಕಿದರೆ ಸಿಗುತ್ತದೆ. ಡ್ರೈವರ್ ಬಾಗಿಲಿನ ಒಂದು ಮೂಲೆ ಎದ್ದಿತ್ತು. ಫೋಟೊ ಕಳಿಸಿದೆ, ಕರೆಸಿ ಆ ಗಾಜಿಗೆ ಹೊಸದೇ ಹಾಕಿಕೊಟ್ಟರು, ದುಡ್ಡು ಕೇಳಲಿಲ್ಲ. ಎದ್ದ ಮೂಲೆಯನ್ನು ಬೆರಳಲ್ಲಿ ಒತ್ತಿ ಅಂಟಿಸಲು ಹೋಗಬೇಡಿ. ಬೆರಳಿನ ಎಣ್ಣೆ ಗೋಂದಿಗೆ ತಾಗಿದರೆ ಅದು ಮತ್ತೆ ಕೂರುವುದಿಲ್ಲ.

ತಂಪಾಯಿತಾ? ಆಯಿತು, ಆದರೆ ಜಾಹೀರಾತಿನಲ್ಲಿ ಹೇಳುವಷ್ಟಲ್ಲ. ಹುಣಸೂರು ದಾಟಿದ ಮೇಲೆ ಮೊಣಕಾಲಿಗೆ ಚುಚ್ಚುತ್ತಿದ್ದ ಬಿಸಿಲು ಈಗ ಚುಚ್ಚುವುದಿಲ್ಲ. ಎ.ಸಿ. ಒಂದು ಪಾಯಿಂಟ್ ಕಡಿಮೆ ಇಡಬಹುದು. ಅಮ್ಮ ಸೆರಗು ಎಳೆದುಕೊಳ್ಳುವುದು ಬಿಟ್ಟಿದ್ದಾರೆ, ಕಪ್ಪು ಕನ್ನಡಕ ಮಾತ್ರ ಬಿಟ್ಟಿಲ್ಲ. ಶೇ. 71 ಬೆಳಕು ಒಳಗೆ ಬರುವಾಗ ಕಣ್ಣಿಗೆ ಹೊಡೆಯುವ ಪ್ರಖರತೆ ಅಷ್ಟೇನೂ ಇಳಿಯುವುದಿಲ್ಲ. ಆಸ್ಪತ್ರೆ ಹೊರಗೆ ಬಿಸಿಲಲ್ಲಿ ಎರಡು ಗಂಟೆ ನಿಲ್ಲಿಸಿದರೆ ಕಾರು ಮೊದಲಿನ ಹಾಗೇ ಕಾಯುತ್ತದೆ. ವ್ಯತ್ಯಾಸ ಅಂದರೆ ಹೊರಟ ಮೇಲೆ ಬೇಗ ತಣಿಯುತ್ತದೆ.

ನನಗೆ ಇದಕ್ಕಿಂತ ಹೆಚ್ಚು ಸಮಾಧಾನ ಕೊಟ್ಟದ್ದು ವಾಪಸು ಬರುವ ದಾರಿ. ಕುಶಾಲನಗರ ಬಿಟ್ಟು ಆನೆಕಾಡು ಸೇರುವ ಹೊತ್ತಿಗೆ ಸಾಮಾನ್ಯವಾಗಿ ಕತ್ತಲಾಗಿರುತ್ತದೆ. ಹೆಡ್‌ಲೈಟ್ ಬೆಳಕು ಮುಂದಕ್ಕೆ ಹೋಗುತ್ತದೆ, ಆನೆ ನಿಂತಿರುವುದು ಬದಿಯಲ್ಲಿ. ಹಳೆಯ ನೇರಳೆ ಫಿಲ್ಮ್ ಇದ್ದಾಗ ತಿರುವಿನಲ್ಲಿ ಸೈಡ್ ಗಾಜಿನಿಂದ ಕಾಣುತ್ತಿದ್ದುದು ನನ್ನ ಮುಖದ ಬಿಂಬ ಮಾತ್ರ. ಗ್ಲಾಸ್ ಇಳಿಸಿಕೊಂಡೇ ಓಡಿಸಬೇಕಾಗಿತ್ತು. ಈಗ ಇಳಿಸದೆಯೇ ರಸ್ತೆ ಬದಿಯ ಮರ, ಪೊದೆ ಬಿಡಿಬಿಡಿಯಾಗಿ ಕಾಣುತ್ತದೆ. ತಿತಿಮತಿ, ಮಾಲ್ದಾರೆ ಕಡೆ ರಾತ್ರಿ ಓಡಾಡುವವರು ಕಪ್ಪು ಫಿಲ್ಮ್ ಹಾಕಿಕೊಂಡು ಹೇಗೆ ಧೈರ್ಯ ಮಾಡುತ್ತಾರೋ ನನಗೆ ಗೊತ್ತಾಗುವುದಿಲ್ಲ. ದಂಡದ ಮಾತು ಬಿಡಿ, ಈ ಒಂದು ಕಾರಣಕ್ಕೇ ಬೇಡ ಅನ್ನುತ್ತೇನೆ.

ಹೊಸ ಫಿಲ್ಮ್ ಆದ ಮೇಲೆ ತಪಾಸಣೆಗೆ ಕಾರು ನಿಲ್ಲಿಸಿದ್ದೂ ಆಗಿದೆ. ಪೇದೆ ಹೊರಗಿನಿಂದಲೇ ಅಮ್ಮನನ್ನು ನೋಡಿ, ಸೀಟ್ ಬೆಲ್ಟ್ ನೋಡಿ, ಹೋಗಿ ಅಂದರು. ಬಿಲ್ಲು ತೆಗೆಯುವ ಪ್ರಸಂಗ ಬರಲಿಲ್ಲ.

ಮಳೆಗಾಲದಲ್ಲಿ ಒಳಗಿನ ಗಾಜು ಮಂಜಾಗುವುದಕ್ಕೂ ಫಿಲ್ಮ್‌ಗೂ ಸಂಬಂಧ ಇಲ್ಲ, ಅದು ಮೊದಲಿನ ಹಾಗೇ ಆಗುತ್ತದೆ. ಎ.ಸಿ. ಗಾಳಿಯನ್ನು ಗಾಜಿಗೆ ತಿರುಗಿಸಬೇಕು ಅಷ್ಟೇ. ಕೈಗೆ ಸಿಕ್ಕಿದ ಪೇಪರಿನಲ್ಲಿ ಒರೆಸುವ ಅಭ್ಯಾಸ ಮಾತ್ರ ಬಿಡಬೇಕಾಯಿತು, ಗೀರು ಬೀಳುತ್ತದೆ. ಮೈಕ್ರೋಫೈಬರ್ ಬಟ್ಟೆ ಒಂದನ್ನು ಬಾಗಿಲಿನಲ್ಲೇ ಇಟ್ಟಿದ್ದೇನೆ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಫಿಲ್ಮ್‌ಗೆ ಆಗಿಬರುವುದಿಲ್ಲ. ವಾಷಿಂಗ್‌ಗೆ ಕೊಟ್ಟಾಗ ಹುಡುಗರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಒಳಗೆಲ್ಲ ಸಿಂಪಡಿಸುತ್ತಾರೆ. ಅದಕ್ಕೇ ಕೀ ಕೊಡುವಾಗ, "ಒಳಗಿನ ಗ್ಲಾಸಿಗೆ ಬರೀ ನೀರು ಹಾಕಿ" ಅಂತ ಹೇಳುತ್ತೇನೆ. ರಶ್ ಜಾಸ್ತಿ ಇದ್ದ ದಿನ ಅದನ್ನೇ ಒಂದು ಚೀಟಿಯಲ್ಲಿ ಬರೆದು ಸ್ಟಿಯರಿಂಗ್‌ಗೆ ಅಂಟಿಸಿ ಬರುತ್ತೇನೆ.